ಗಂಡನ ಕಿಡ್ನಿ ಹೆಂಡತಿಗೆ ಏಕೆ ಹೊಂದಲಿಲ್ಲ?

ಗಜೇಂದ್ರಗಡದ ನಮ್ಮ ವೈನಿಯ ಎರಡೂ ಕಿಡ್ನಿ ಕೆಟ್ಟಾಗ ಅಣ್ಣ ಹಿಂದುಮುಂದು ನೋಡಲಿಲ್ಲ. "ನಂದೊಂದು ತಗೊಳ್ರಿ" ಎಂದು ಡಾಕ್ಟರಿಗೆ ಹೇಳಿಯೇಬಿಟ್ಟ. ಇಬ್ಬರದೂ ರಕ್ತದ ಗುಂಪು ಒಂದೇ. ನಾನೂ ರೋಣದಿಂದ ಹೋಗಿ ಕಾಲಕಾಲೇಶ್ವರನಿಗೆ ಕಾಯಿ ಒಡೆಸಿ ಬಂದೆ. ಆದರೆ ಕೊನೆಯ ರಕ್ತಪರೀಕ್ಷೆಯಲ್ಲಿ 'ಹೊಂದುವುದಿಲ್ಲ' ಎಂದು ಬಂತು. ಕಾಲೇಜು ಕಲಿಯುವ ಮಗನೂ ಮುಂದೆ ಬಂದ. ಅವನದೂ ಹೊಂದಲಿಲ್ಲ.

ಓಣಿಯವರ ಬಾಯಿ ಕೇಳಬೇಕೆ? "ಗಂಡನ ಕಿಡ್ನೀನೂ ಒಲ್ಲೆ ಅಂತೈತಿ ಇಕಿ ಮೈ. ಏನು ಕರ್ಮ ಮಾಡ್ಯಾಳೋ!" ವೈನಿ ರೊಟ್ಟಿ ಬಡಿಯುವುದನ್ನು ಬಿಟ್ಟು ಅತ್ತರು.

ಸೋದರಿಯರೇ, ಇದರಲ್ಲಿ ಯಾರ ಕರ್ಮವೂ ಇಲ್ಲ. ಡಾಕ್ಟರು ತಿಳಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಕಾವಲುಗಾರರಿದ್ದಾರೆ. ಹೊರಗಿನದು ಒಳಗೆ ಬಂದರೆ ಗುರುತು ಹಿಡಿದು ಹೊಡೆಯುವುದು ಅವರ ಕೆಲಸ. ಪ್ರತಿಯೊಬ್ಬರ ಜೀವಕೋಶದ ಮೇಲೂ ಎಚ್‌ಎಲ್‌ಎ ಎಂಬ ಗುರುತುಗಳಿರುತ್ತವೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದದ್ದು. ಬಸುರಿನಲ್ಲಿ, ಹೆರಿಗೆಯಲ್ಲಿ ಕೂಸಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಸೇರುತ್ತದೆ. ಆಗ ಕೆಲವು ತಾಯಂದಿರ ಮೈ ಆ ತಂದೆಯ ಗುರುತಿನ ವಿರುದ್ಧ ಪ್ರತಿಕಾಯ ಕಟ್ಟುತ್ತದೆ. ವರ್ಷಗಳ ಮೇಲೆ ಅದೇ ಗಂಡನ, ಇಲ್ಲವೆ ಅವನ ಗುರುತು ಹೊತ್ತ ಮಗನ ಕಿಡ್ನಿ ಇಟ್ಟರೆ ಹಳೆಯ ಕಾವಲುಗಾರರು ಎದ್ದು ನಿಲ್ಲುತ್ತಾರೆ. ರಕ್ತ ಹಾಕಿಸಿಕೊಂಡವರಲ್ಲಿ, ಮೊದಲೊಮ್ಮೆ ಕಸಿ ಆದವರಲ್ಲಿಯೂ ಹೀಗಾಗಬಹುದು. ವೈನಿಗೆ ಮೂರು ಹೆರಿಗೆ. ಕೊನೆಯದರಲ್ಲಿ ಎರಡು ಬಾಟಲಿ ರಕ್ತ ಬೇರೆ.

ದಾನಿಯ ಬಿಳಿ ರಕ್ತಕಣಕ್ಕೆ ರೋಗಿಯ ರಕ್ತದ ತಿಳಿನೀರು ಕೂಡಿಸಿ ನೋಡುವ ಪರೀಕ್ಷೆಗೆ ಕ್ರಾಸ್‌ಮ್ಯಾಚ್ ಎನ್ನುತ್ತಾರೆ. ಅದರ ಬೆಲೆ 1969ರಲ್ಲಿ ಅಮೆರಿಕದ ಪಟೇಲ್ ಮತ್ತು ತೆರಸಾಕಿ ಎಂಬ ವಿಜ್ಞಾನಿಗಳಿಂದ ಜಗತ್ತಿಗೆ ತಿಳಿಯಿತು. ಪ್ರತಿಕಾಯ ಕಂಡುಬಂದ 30 ಕಸಿಗಳಲ್ಲಿ 24 ಕೂಡಲೇ ಕೆಟ್ಟಿದ್ದವು. ಕಾಣದ 195ರಲ್ಲಿ ಕೆಟ್ಟದ್ದು ಎಂಟೇ. ಅಂದ ಮೇಲೆ 'ಹೊಂದುವುದಿಲ್ಲ' ಎಂದ ಆ ಪರೀಕ್ಷೆ ಅಣ್ಣನ ಕಿಡ್ನಿಯನ್ನೂ ಉಳಿಸಿತು, ವೈನಿಯ ಜೀವವನ್ನೂ ಕಾಯಿತು.

ಹೊಂದದಿದ್ದರೆ ದಾರಿಯೇ ಇಲ್ಲವೆಂದಲ್ಲ. ಪ್ರತಿಕಾಯ ಸೋಸಿ ತೆಗೆಯುವ ಚಿಕಿತ್ಸೆಯಿದೆ, ಆದರೆ ಖರ್ಚು ಬಹಳ. ಇಂಥ ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು 2011ರ ಕಾಯಿದೆ ತಿದ್ದುಪಡಿ ಅವಕಾಶ ಕೊಟ್ಟಿದೆ. ವೈನಿಗೆ ನರಗುಂದದ ತಮ್ಮ ಒದಗಿದ. ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅವನ ಪರೀಕ್ಷೆ ಸರಿಬಂತು, ಕಸಿಯೂ ಆಯಿತು.

ನೀವು ನೆನಪಿಡಬೇಕಾದದ್ದು ಇಷ್ಟು:

1. ಎಷ್ಟು ಹೆರಿಗೆ, ಎಷ್ಟು ಗರ್ಭಪಾತ, ಯಾವಾಗ ರಕ್ತ ಹಾಕಿಸಿದ್ದು, ಎಲ್ಲ ಬರೆದಿಡಿ. ನಾಚಿಕೊಂಡು ಡಾಕ್ಟರಿಂದ ಮುಚ್ಚಿಡಬೇಡಿ.

2. ಬಸುರಿನಲ್ಲಿ ಕಬ್ಬಿಣದ ಗುಳಿಗೆ ತಪ್ಪಿಸಬೇಡಿ. ರಕ್ತ ಕಡಿಮೆಯಾಗುವವರೆಗೆ ಬಿಟ್ಟು ಆಮೇಲೆ ಬಾಟಲಿ ಹಾಕಿಸುವುದಕ್ಕಿಂತ ಇದು ಲೇಸು. ಜೀವಕ್ಕೆ ಅಪಾಯವಿದ್ದಾಗ ಮಾತ್ರ ರಕ್ತ ಬೇಡವೆನ್ನಲೇಬಾರದು.

3. ಕಸಿ ಆದವರು ಒಂದು ಹೊತ್ತಿನ ಗುಳಿಗೆಯನ್ನೂ ಬಿಡಬಾರದು. ಬಿಟ್ಟರೆ ಹೊಸ ಪ್ರತಿಕಾಯ ಹುಟ್ಟಿ, ನೋವೂ ತೋರದೆ ಕಿಡ್ನಿ ಕೆಡಿಸಬಹುದು.

ಮೊನ್ನೆ ಹೋದಾಗ ಅಣ್ಣ, "ನನ್ನ ಕಿಡ್ನಿ ನನ್ನ ಹತ್ರಾನ ಉಳೀತು ನೋಡು" ಎಂದು ನಗೆಯಾಡಿದ. ವೈನಿ ಗಡಿಯಾರ ನೋಡಿ, "ಮಾತು ಸಾಕು, ಗುಳಿಗಿ ಹೊತ್ತಾತು, ನೀರು ತರ್ರಿ" ಎಂದರು.