ಊರಿಗೆ ಬಂದವಳ ಕಥೆ
(ನೇಮಿಚಂದ್ರರ ಕೃತಿಗಳ ಪರಿಚಯ)

‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂದು ನಮ್ಮಲ್ಲಿ ಗಾದೆಯುಂಟು. ಬಂದವಳು ನೀರಿಗೇನೋ ಬರುತ್ತಾಳೆ. ಬಾವಿಕಟ್ಟೆಯಲ್ಲಿ ನಾವು ಅವಳಿಗೆ ಜಾಗ ಬಿಡುತ್ತೇವೆಯೇ ಎಂಬುದೇ ಪ್ರಶ್ನೆ. ತಾವು ಬೆನ್ಸನ್ ಟೌನಿನವರಾದರೆ ಈ ಪ್ರಶ್ನೆ ತಮಗೆ ಹೊಸದಲ್ಲ. ಮಿಲ್ಲರ್ಸ್ ರಸ್ತೆಯ ಆಸುಪಾಸಿನಲ್ಲೇ ಆರ್ಚ್‌ಬಿಷಪರ ನಿವಾಸವೂ ಇದೆ, ಖುದ್ದೂಸ್ ಸಾಹೇಬ್ ಈದ್ಗಾ ಮೈದಾನವೂ ಇದೆ. ದಂಡಿನ ಪ್ರದೇಶದ ಎಷ್ಟೋ ಮನೆತನಗಳು ಬೇರೆ ಊರು, ಬೇರೆ ನುಡಿಗಳಿಂದ ಬಂದವು. ಇಂಥ ಮನೆಗಳಲ್ಲಿ ಇರಲೇಬೇಕಾದ ಕನ್ನಡ ಕಾದಂಬರಿಯೊಂದಿದೆ: ನೇಮಿಚಂದ್ರರ ‘ಯಾದ್ ವಶೇಮ್’ (2007).

ಹೆಸರು ಕೇಳಿ ಲೇಖಕರು ಗಂಡಸೆಂದು ಭಾವಿಸಬೇಡಿ. 1959ರಲ್ಲಿ ಹುಟ್ಟಿದ ಈಕೆ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಎಂಜಿನಿಯರಾಗಿ ದುಡಿದವರು. ಕಾದಂಬರಿಯ ನಾಯಕಿ, ಹಿಟ್ಲರನ ಜರ್ಮನಿಯಿಂದ ತಂದೆಯೊಡನೆ ಪಾರಾಗಿ ಬೆಂಗಳೂರು ಸೇರಿದ ಯಹೂದಿ ಬಾಲಕಿ. ಇಲ್ಲಿಯ ನೆರೆಹೊರೆ ಅವಳನ್ನು ತನ್ನವಳನ್ನಾಗಿ ಮಾಡಿಕೊಳ್ಳುತ್ತದೆ. ಆದರೆ ಅಗಲಿದ ತಾಯಿ, ಒಡಹುಟ್ಟಿದವರ ಗತಿ ಏನಾಯಿತೆಂಬ ಕೊರಗು ಮುಪ್ಪಿನಲ್ಲೂ ಬಿಡದು. ಅವರನ್ನರಸಿ ಅವಳು ಮತ್ತೆ ಹೊರಡುತ್ತಾಳೆ. ಯಾದ್ ವಶೇಮ್ ಎಂಬುದು ಹಿಟ್ಲರನ ಕಾಲದಲ್ಲಿ ಹತರಾದ ಯಹೂದಿಗಳಿಗಾಗಿ ಜೆರುಸಲೇಮಿನಲ್ಲಿರುವ ಸ್ಮಾರಕದ ಹೆಸರು. ‘ನೆನಪು ಮತ್ತು ಹೆಸರು’ ಎಂದು ಅದರ ಅರ್ಥ.

ಇದು ಬರಿಯ ಕಲ್ಪನೆಯೆನ್ನುವಂತಿಲ್ಲ. 1933ರಲ್ಲಿ ಜರ್ಮನಿಯ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ನರ ಆಹ್ವಾನದ ಮೇರೆಗೆ 1935-36ರಲ್ಲಿ ಸುಮಾರು ಆರು ತಿಂಗಳು ನಮ್ಮ ಟಾಟಾ ವಿಜ್ಞಾನ ಮಂದಿರದಲ್ಲಿದ್ದರು. ಅವರಿಗೆ ಖಾಯಂ ಹುದ್ದೆ ಕೊಡಿಸುವ ರಾಮನ್ನರ ಯತ್ನ ಫಲಿಸಲಿಲ್ಲ. ಬಾರ್ನ್ ಎಡಿನ್‌ಬರೊಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಬಾಗಿಲು ತೆರೆಯುವುದು ಒಂದು, ಮಣೆ ಹಾಕುವುದು ಇನ್ನೊಂದು.

ಹೆಣ್ಣಿನ ಸ್ವಾತಂತ್ರ್ಯದ ಮಾತಿಗೆ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಓದಿ. ಗೆಳತಿಯೊಡನೆ ಅಷ್ಟು ದೂರದ ದೇಶ ಸುತ್ತಿದ ಈ ಪ್ರವಾಸಕಥನ, ನೂರು ಉಪನ್ಯಾಸ ಹೇಳಲಾರದ್ದನ್ನು ಹೇಳುತ್ತದೆ. ಕಾಲೇಜಿಗೆ ಹೋಗುವ ಮಗಳಿದ್ದರೆ ಮೊದಲು ಅವಳ ಕೈಗೆ ಕೊಡಿ. ‘ಒಬ್ಬಳೇ ಹೇಗೆ ಹೋಗುತ್ತೀಯೆ?’ ಎಂಬ ಪ್ರಶ್ನೆಗೆ ಅವಳೇ ಉತ್ತರ ಹುಡುಕಿಕೊಂಡಾಳು.

ಮನೆಯಲ್ಲಿ ಕಾಯಿಲೆ, ಸಾವು ಸುಳಿದಿದ್ದರೆ ‘ಸಾವೇ, ಬರುವುದಿದ್ದರೆ ನಾಳೆ ಬಾ!’ ಎಂಬ ಪುಸ್ತಕವಿದೆ. ದುಃಖ ತಪ್ತರಿಗೆ ಪುಸ್ತಕ ಮದ್ದಲ್ಲ, ನಿಜ. ಆದರೂ ಬಂದವರೆಲ್ಲ ಸಮಾಧಾನ ಹೇಳಿ ಹೋದ ಮೇಲೆ, ರಾತ್ರಿ ನಿದ್ದೆ ಬಾರದ ಹೊತ್ತಿನಲ್ಲಿ ಜೊತೆಗೆ ಕೂರುವುದು ಪುಸ್ತಕವೇ.

ಮೂರನ್ನೂ ಓದಲು ಬಿಡುವಿಲ್ಲದವರು ‘ಯಾದ್ ವಶೇಮ್’ ಒಂದನ್ನಾದರೂ ಓದಿ. ಬಳಿಕ ಪಕ್ಕದ ಮನೆಗೆ ಹೊಸಬರು ಬಂದಾಗ ‘ನೀವು ಯಾವ ಕಡೆಯವರು?’ ಎಂದು ಕೇಳುವ ಮುನ್ನ, ‘ಕಾಫಿ ಆಯಿತೆ?’ ಎಂದು ಕೇಳುವ ಮನಸ್ಸಾದರೆ, ಓದಿದ್ದು ಸಾರ್ಥಕ.