ನಗರದ ನಿತ್ಯಸ್ಥಳಗಳು ಮತ್ತು ಛಾಯಾಚಿತ್ರದ ಸಾಕ್ಷ್ಯ

ಪರಂಪರೆ ಎಂಬ ಪದವು ನಮ್ಮ ವಿದ್ವತ್ ವಲಯದಲ್ಲಿ ಬಹುಕಾಲ ದೇಗುಲ, ಕೋಟೆ, ಶಾಸನ, ಅರಮನೆಗಳಿಗಷ್ಟೇ ಮೀಸಲಾಗಿತ್ತು. ಜಾನಪದ ಅಧ್ಯಯನವು ಈ ಮಿತಿಯನ್ನು ಮೀರಿ ಹಾಡು, ಕಥೆ, ಆಚರಣೆ, ಉಪಕರಣಗಳನ್ನು ಪರಂಪರೆಯ ವ್ಯಾಪ್ತಿಗೆ ತಂದಿತಾದರೂ ಅದರ ದೃಷ್ಟಿ ಹಳ್ಳಿಯ ಎಲ್ಲೆಯನ್ನು ದಾಟಿದ್ದು ವಿರಳ. ನಗರದ ಮಾರುಕಟ್ಟೆ, ಅರಳಿಕಟ್ಟೆ, ಓಣಿ, ಬತ್ತಿದ ಕೆರೆಯಂಗಳ ಇವೆಲ್ಲ ಜನರು ದಿನನಿತ್ಯ ಬಳಸುವ, ಆ ಕಾರಣಕ್ಕಾಗಿಯೇ ದಾಖಲೆಯಿಂದ ತಪ್ಪಿಸಿಕೊಂಡ ಸ್ಥಳಗಳು. ಇಂತಹ ಸ್ಥಳಗಳ ಸಾಂಸ್ಕೃತಿಕ ಅರ್ಥವನ್ನು ಅರಿಯಲು ಛಾಯಾಚಿತ್ರವು ಎಷ್ಟರಮಟ್ಟಿಗೆ ಆಕರವಾಗಬಲ್ಲದು ಎಂಬುದನ್ನು ಕೆಲವು ನಗರಗಳ ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಗರದ ಓಣಿಗಳನ್ನು ವ್ಯವಸ್ಥಿತವಾಗಿ ಕ್ಯಾಮರಾದಲ್ಲಿ ಹಿಡಿದ ಆರಂಭಿಕರಲ್ಲಿ ಪ್ಯಾರಿಸ್ಸಿನ ಶಾರ್ಲ್ ಮಾರ್ವಿಲ್ ಪ್ರಮುಖನು. 1862ರಲ್ಲಿ ಆ ನಗರದ ಅಧಿಕೃತ ಛಾಯಾಗ್ರಾಹಕನಾದ ಈತನು ಹೊಸ ರಾಜಮಾರ್ಗಗಳಿಗಾಗಿ ನೆಲಸಮವಾಗಲಿದ್ದ ಬೀದಿಗಳ 400ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದನು. ಗ್ಲಾಸ್ಗೋದಲ್ಲಿ ಥಾಮಸ್ ಆನನ್ 1868ರಿಂದ 1871ರ ಅವಧಿಯಲ್ಲಿ ನಗರ ಸುಧಾರಣಾ ಟ್ರಸ್ಟಿಗಾಗಿ ಇದೇ ಕೆಲಸ ಮಾಡಿದನು. ಇಬ್ಬರಿಗೂ ಕೆಲಸ ಕೊಟ್ಟವರು ಕೆಡವಲು ಹೊರಟವರೇ ಎಂಬುದು ಗಮನಾರ್ಹ. ಅಂದಿನ ಗಾಜಿನ ಫಲಕದಲ್ಲಿ ಬಿಂಬ ಮೂಡಲು ಹಲವು ಕ್ಷಣಗಳು ಬೇಕಾಗಿದ್ದವು. ನಿಂತ ಗೋಡೆ ಸ್ಪಷ್ಟವಾಗಿ ಮೂಡಿತು. ನಡೆದು ಹೋದ ಮನುಷ್ಯ ಮಸುಕಾದ ಅಥವಾ ಮಾಯವಾದ. ಮಾರ್ವಿಲ್‌ನ ಬೀದಿಗಳು ನಿರ್ಜನವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಆದರೂ ಆನನ್ ತೆಗೆದ ಸಾಲ್ಟ್‌ಮಾರ್ಕೆಟ್ 46ನೇ ಸಂಖ್ಯೆಯ ಓಣಿಯ ಚಿತ್ರದಲ್ಲಿ ಇಕ್ಕಟ್ಟಾದ ಗೋಡೆಗಳ ನಡುವೆ, ತಲೆಯ ಮೇಲೆ, ಒಗೆದ ಬಟ್ಟೆಗಳು ತೂಗುತ್ತಿವೆ. ಆತ ದಾಖಲಿಸಬೇಕಾಗಿದ್ದುದು ವಾಸಕ್ಕೆ ಅಯೋಗ್ಯವಾದ ಕಟ್ಟಡವನ್ನು. ಜೊತೆಗೆ ದಾಖಲಾದದ್ದು ಅಲ್ಲಿನ ಸಂಸಾರ. ಛಾಯಾಚಿತ್ರದ ನಡುಭಾಗ ತೆಗೆಸಿದವನ ಉದ್ದೇಶವನ್ನು ಹೇಳಿದರೆ ಅದರ ಅಂಚುಗಳು ಜನಜೀವನವನ್ನು ಹೇಳುತ್ತವೆ ಎಂಬ ನನ್ನ ಗ್ರಹಿಕೆಗೆ ಈ ಚಿತ್ರವೇ ಮೂಲ.

ಕರ್ನಾಟಕದ ಆರಂಭಿಕ ಛಾಯಾಚಿತ್ರಗಳು ಬಹುತೇಕ ಸ್ಮಾರಕಗಳವು. ಪಿಗೂ, ನೀಲ್, ಬಿಗ್ಸ್ ಇವರ ಚಿತ್ರಗಳಿಗೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಬರೆವಣಿಗೆ ಸೇರಿಸಿದ, ಧಾರವಾಡ ಹಾಗೂ ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಸಂಪುಟ 1866ರಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಚಿತ್ರಿಸಿದ್ದನು. 1983ರಲ್ಲಿ ಜಾನ್ ಗೋಲಿಂಗ್ಸ್ ಆತ ನಿಂತ ಜಾಗಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಕಲ್ಲಿನ ಸವೆತ, ಕುಸಿತಗಳನ್ನು ಅಳೆಯಲು ಈ ಜೋಡಿಚಿತ್ರಗಳಿಗಿಂತ ಉತ್ತಮ ಆಕರ ಮತ್ತೊಂದಿಲ್ಲ. ಆದರೆ ಸ್ಮಾರಕವನ್ನಷ್ಟೇ ನೋಡಲು ಪಳಗಿದ ಕಣ್ಣಿಗೆ ಅದರೊಳಗೆ ಬದುಕುವವರು ಅಡ್ಡಿಯಾಗಿ ತೋರುತ್ತಾರೆ. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಬಜಾರು ಎಂಬ ಹೆಸರು ಉಳಿಯಿತು, ಬಜಾರು ಉಳಿಯಲಿಲ್ಲ. ತೆರವಿನ ಪರ ವಿರೋಧ ವಾದಗಳೇನೇ ಇರಲಿ, ಮಂಟಪದ ಒಂದೊಂದು ಕಂಬಕ್ಕೂ ಚಿತ್ರವಿರುವಾಗ ಅಲ್ಲಿದ್ದ ಒಂದೊಂದು ಒಲೆಗೂ ಚಿತ್ರವಿಲ್ಲದಿರುವುದು ಸಂಶೋಧಕರಾದ ನಮ್ಮ ಲೋಪವೂ ಹೌದು.

ಬೆಂಗಳೂರಿನ ನಿದರ್ಶನ ಇದಕ್ಕಿಂತ ಭಿನ್ನ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗದ ಚಿತ್ರಗಳಿಗೆ ಕೊರತೆಯಿಲ್ಲ. ಮಲ್ಲಿಗೆಯಿಂದ ಮುಚ್ಚಿದ ಕರಗ, ಕತ್ತಿ ಹಿರಿದ ವೀರಕುಮಾರರು, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದ ಭೇಟಿ ಇವು ಪ್ರತಿವರ್ಷವೂ ಪತ್ರಿಕೆಗಳಲ್ಲಿ ಮರುಕಳಿಸುವ ಚೌಕಟ್ಟುಗಳು. ಆದರೆ ಕರಗವು ಹೂವಿನ ಹಬ್ಬವಾಗಿರುವಷ್ಟೇ ನೀರಿನ ಹಬ್ಬವೂ ಹೌದು. ತೋಟಗಾರಿಕೆಯನ್ನು ಕಸುಬಾಗಿಸಿಕೊಂಡ ತಿಗಳರ ಬದುಕಿಗೆ ಆಸರೆಯಾಗಿದ್ದ ಸಂಪಂಗಿ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಅದರ ಮಗ್ಗುಲಲ್ಲಿ ಆಚರಣೆಗೆಂದೇ ಚಿಕ್ಕ ಕೊಳವೊಂದು ಉಳಿದಿದೆ. ನಗರವು ಮರೆತ ಕೆರೆಗಳನ್ನು ಆಚರಣೆಯು ನೆನಪಿನಲ್ಲಿ ಇಟ್ಟುಕೊಂಡಿರುವ ಬಗೆಯನ್ನು ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ವಿಶದವಾಗಿ ನಿರೂಪಿಸಿದ್ದಾರೆ. ಹಬ್ಬವಿಲ್ಲದ ಒಂದು ಸಾಧಾರಣ ಮಧ್ಯಾಹ್ನ, ಕೊಳವನ್ನೂ ಕ್ರೀಡಾಂಗಣವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದ ಚಿತ್ರವು ಸಾವಿರ ದೀಪಗಳ ಮೆರವಣಿಗೆಯ ಚಿತ್ರಕ್ಕಿಂತ ಹೆಚ್ಚಿನ ಇತಿಹಾಸವನ್ನು ಹೇಳಬಲ್ಲದು. ಅಂತಹ ಚಿತ್ರ ಸುಂದರವಾಗಿರುವುದಿಲ್ಲ, ಆದ್ದರಿಂದ ಅದನ್ನು ಯಾರೂ ತೆಗೆಯುವುದಿಲ್ಲ.

ಚಿತ್ರವು ತಾನಾಗಿ ಮಾತನಾಡುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಚಿತ್ರವನ್ನು ವಕ್ತೃಗಳ ಮುಂದಿಟ್ಟು ಮಾತು ಹೊರಡಿಸುವ ವಿಧಾನವನ್ನು ಅಮೆರಿಕೆಯ ಜಾನ್ ಕಾಲಿಯರ್ 1957ರಷ್ಟು ಹಿಂದೆಯೇ ಪ್ರತಿಪಾದಿಸಿದ್ದರು. ಅದರ ಬೆಲೆ ನನಗೆ ತಿಳಿದದ್ದು ತಡವಾಗಿ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ತೆಗೆದ ಫೋಟೋಗಳ ಹಿಂದೆ ನಾನು ಬರೆದಿದ್ದುದು 'ಹೂವಿನ ಸಾಲು', 'ವೀಳ್ಯದೆಲೆ', 'ಕುಂಕುಮ' ಎಂದಷ್ಟೇ. ದಿನಾಂಕವಿಲ್ಲ, ಹೆಸರಿಲ್ಲ. ವರ್ಷಗಳ ನಂತರ ಅವುಗಳನ್ನು ಮಾರುಕಟ್ಟೆಯ ಹಿರಿಯರೆದುರು ಹರಡಿದಾಗ ಅವರು ಕಮಾನು, ಗೋಪುರಗಳತ್ತ ನೋಡಲೇ ಇಲ್ಲ. ಯಾರ ಪಕ್ಕ ಯಾರು ಕೂರುತ್ತಿದ್ದರು, ಯಾವ ಕಟ್ಟೆ ಯಾರ ತಾಯಿಯಿಂದ ಬಂದದ್ದು, ಆಷಾಢದಲ್ಲಿ ಯಾರು ಯಾರಿಗೆ ಜಾಗ ಬಿಟ್ಟುಕೊಡುತ್ತಿದ್ದರು ಎಂದು ಓದತೊಡಗಿದರು. ಒಂದು ಚಿತ್ರದಲ್ಲಿ ಹೂ ಮಾರುವ ಹೆಂಗಸೊಬ್ಬಳು ಮೊಳಕೈ ಮಡಿಸಿ ಮಾಲೆ ಅಳೆಯುತ್ತಿದ್ದಾಳೆ. ಅವಳ ಕೈ ಗಿಡ್ಡ, ಆದರೆ ಅಳತೆಯ ಮೇಲೆ ಬೆರಳಷ್ಟು ಬಿಟ್ಟೇ ಕೊಡುತ್ತಿದ್ದಳು ಎಂದರು ಒಬ್ಬರು. ಮೊಳ ಎಂಬ ಅಳತೆಯು ಮಾರುವವರ ಮೈಗೆ ಅಂಟಿಕೊಂಡದ್ದು, ಅದರ ವ್ಯತ್ಯಾಸವನ್ನು ಸರಿದೂಗಿಸುವುದು ವ್ಯಾಪಾರದ ನೀತಿ ಎಂಬ ಈ ಸಂಗತಿ ನನ್ನ ಮಹಾಪ್ರಬಂಧದಲ್ಲಿ ಎಲ್ಲಿಯೂ ಇರಲಿಲ್ಲ. ಚಿತ್ರ ಮಾತ್ರ ನನ್ನ ಪೆಟ್ಟಿಗೆಯಲ್ಲಿಯೇ ಇತ್ತು.

2016ರ ಆಗಸ್ಟಿನಲ್ಲಿ ಈ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಕಟ್ಟಡವನ್ನು ಕೆಡವಬೇಕೇ, ದುರಸ್ತಿ ಮಾಡಬೇಕೇ ಎಂಬ ಚರ್ಚೆ ನ್ಯಾಯಾಲಯದವರೆಗೂ ಹೋಯಿತು. ವಾದಗಳು ಬಹುಪಾಲು ಗೋಡೆ, ಗಾರೆ, ಭದ್ರತೆಗಳ ಸುತ್ತ ನಡೆದವು. ಅದು ಅಗತ್ಯವೇ. ಆದರೆ ಕಟ್ಟೆಗಳ ಅನುಕ್ರಮ, ಅವುಗಳ ಹಕ್ಕಿನ ಕಥನ, ಅಳತೆಯ ನುಡಿಗಟ್ಟು ಇವು ದುರಸ್ತಿಯಾದ ಕಟ್ಟಡಕ್ಕೂ ಹೊಸ ಕಟ್ಟಡಕ್ಕೂ ತಾವಾಗಿ ಮರಳಿ ಬರುವಂಥವಲ್ಲ. ಇವನ್ನು ಸಾಲು ಸಾಲಾಗಿ ಚಿತ್ರಿಸಿ, ಪ್ರತಿ ಚಿತ್ರಕ್ಕೂ ಸ್ಥಳ, ದಿನ, ವೇಳೆ, ಕುಳಿತವರು ಹೇಳಿದ ಮಾತು ಇಷ್ಟನ್ನು ಸೇರಿಸಿಡಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ನಾನು ನನ್ನ ಹಳೆಯ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರುಗಳನ್ನು ಬರೆಯತೊಡಗಿದ್ದೇನೆ. ಕೆಲವನ್ನು ಗುರುತಿಸಬಲ್ಲವರು ಈಗ ಉಳಿದಿಲ್ಲ.