ಸಂಕೋಲೆಯ ಜಾಡು ಹಿಡಿದು

ಆಗಸ್ಟ್ 15ರ ಬೆಳಿಗ್ಗೆ. ಬಳ್ಳಾರಿಯಾಗಲಿ, ಸಿರುಗುಪ್ಪವಾಗಲಿ, ಕುರುಗೋಡಾಗಲಿ, ಶಾಲೆಯ ಅಂಗಳದಲ್ಲಿ ಧ್ವಜ ಏರಿದ ಮೇಲೆ ಒಬ್ಬ ಹುಡುಗನೋ ಹುಡುಗಿಯೋ ಮೈಕಿನ ಮುಂದೆ ನಿಂತು ಬಾಯಿಪಾಠ ಮಾಡಿದ ಭಾಷಣ ಒಪ್ಪಿಸುವುದುಂಟು. ಅದರಲ್ಲಿ ‘ದಾಸ್ಯದ ಸಂಕೋಲೆ ಕಳಚಿ ಬಿತ್ತು’ ಎಂಬ ಮಾತು ಬಾರದೆ ಇರುವುದಿಲ್ಲ. ಚಪ್ಪಾಳೆ ಬೀಳುತ್ತದೆ, ಮಿಠಾಯಿಯೂ ಸಿಗುತ್ತದೆ. ಮನೆಗೆ ಬಂದ ಮೇಲೆ ಮಗು ಕೇಳುತ್ತದೆ:

‘ಅಪ್ಪಾ, ಸಂಕೋಲೆ ಅಂದ್ರೇನು?’

‘ಬೇಡಿ.’

‘ಬೇಡಿ ಅಂದ್ರ?’

‘ಪೊಲೀಸ್ರು ಕಳ್ಳರ ಕೈಗೆ ಹಾಕ್ತಾರಲ್ಲ, ಅದು.’

ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಮುಗಿಯಬಾರದು. ಏಕೆಂದರೆ ಈ ಉತ್ತರದಲ್ಲಿ ಒಂದು ಕೊರತೆ ಇದೆ, ಒಂದು ತಪ್ಪೂ ಇದೆ. ಕೊರತೆ ಎಂದರೆ, ಆ ಪುಟ್ಟ ಶಬ್ದದ ಹಿಂದಿರುವ ದೊಡ್ಡ ಚರಿತ್ರೆ ಬಿಟ್ಟುಹೋಯಿತು. ತಪ್ಪು ಯಾವುದೆಂಬುದು ಈ ಶಬ್ದದ ಜಾಡು ಹಿಡಿದು ಹೋದರೆ ಕೊನೆಯಲ್ಲಿ ತಾನಾಗಿ ತಿಳಿಯುತ್ತದೆ.

ಶೃಂಖಲೆ ಸಂಕೋಲೆಯಾದ ಬಗೆ

ಸಂಕೋಲೆಯ ಮೂಲ ಸಂಸ್ಕೃತದ ‘ಶೃಂಖಲಾ’. ಕೊಂಡಿಗೆ ಕೊಂಡಿ ಸೇರಿಸಿ ಮಾಡಿದ ಸರಪಳಿ ಎಂದು ಅರ್ಥ. ಶಾಲೆಯಲ್ಲಿ ತತ್ಸಮ–ತದ್ಭವ ಪಾಠ ಓದಿದ ಮಕ್ಕಳಿಗೆ ಈ ಬದಲಾವಣೆ ಹೊಸದಲ್ಲ. ‘ಆಕಾಶ’ ಹೋಗಿ ‘ಆಗಸ’ವಾಯಿತು, ‘ಶ್ರೀ’ ಹೋಗಿ ‘ಸಿರಿ’ಯಾಯಿತು, ‘ಶೃಂಗಾರ’ ಹೋಗಿ ‘ಸಿಂಗಾರ’ವಾಯಿತು. ಶಕಾರವಿದ್ದಲ್ಲಿ ಸಕಾರ ಬಂದು ಕೂತಿತು. ‘ಮಾಲಾ’ ಎಂಬುದು ‘ಮಾಲೆ’ಯಾದಂತೆ ಕೊನೆಯ ಆಕಾರ ಎಕಾರವಾಯಿತು. ಹೀಗೆ ನಡುವೆ ಪ್ರಾಕೃತದ ಹೊಸ್ತಿಲು ದಾಟಿಕೊಂಡು ‘ಶೃಂಖಲಾ’ ಕನ್ನಡದಲ್ಲಿ ‘ಸಂಕಲೆ’ಯಾಗಿ, ಬಾಯಿಂದ ಬಾಯಿಗೆ ಬಂದು ‘ಸಂಕೋಲೆ’ಯಾಗಿ ನಿಂತಿತು. ಇಂಥ ಮಾರ್ಪಾಟುಗಳನ್ನು ಗಮನಿಸಿ ನಿಯಮ ಕಟ್ಟಲು ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಮೂಲ ಶಬ್ದವೇನೂ ಕನ್ನಡದಿಂದ ಮರೆಯಾಗಲಿಲ್ಲ. ಹದ್ದುಮೀರಿದ ನಡತೆಗೆ ಪತ್ರಿಕೆಗಳು ‘ಉಚ್ಛೃಂಖಲ’ ಎಂದು ಬರೆಯುತ್ತವೆ. ಶೃಂಖಲೆಯನ್ನು ಹರಿದುಕೊಂಡದ್ದು ಎಂದೇ ಅದರ ಅರ್ಥ. ಆನೆ ಸರಪಳಿ ಕಿತ್ತು ಬೀದಿಗೆ ಬಂದ ಚಿತ್ರವೊಂದು ಆ ಶಬ್ದದೊಳಗೆ ಅಡಗಿ ಕುಳಿತಿದೆ.

ಸಂಕೋಲೆಗೆ ಕನ್ನಡದಲ್ಲಿ ನೆಂಟರೂ ಬಹಳ. ಹಳಗನ್ನಡದಲ್ಲಿ ‘ನಿಗಳ’ ಇದೆ. ಸಂಸ್ಕೃತದಲ್ಲಿ ಅದು ‘ನಿಗಡ’. ಮಾನತುಂಗಾಚಾರ್ಯರನ್ನು ಅರಸನೊಬ್ಬ ಸೆರೆಯಲ್ಲಿಟ್ಟು ಸರಪಳಿ ಬಿಗಿಸಿದನೆಂದೂ, ಅವರು ‘ಭಕ್ತಾಮರ ಸ್ತೋತ್ರ’ ಹೇಳುತ್ತ ಹೋದಂತೆ ಅವು ಕಳಚಿ ಬಿದ್ದವೆಂದೂ ಜೈನ ಐತಿಹ್ಯ ಹೇಳುತ್ತದೆ. ಶೃಂಖಲೆ, ನಿಗಡ ಎರಡೂ ಶಬ್ದ ಆ ಸ್ತೋತ್ರದಲ್ಲಿವೆ. ನಾವು ದಿನವೂ ಆಡುವ ‘ಬೇಡಿ’ ಮರಾಠಿ, ಹಿಂದಿಗಳಲ್ಲಿಯೂ ಇದೆ. ‘ಕೈಕೋಳ’ದ ‘ಕೋಳ’ ಮಾತ್ರ ನಮ್ಮ ನೆಲದ್ದೇ ಆದಂತೆ ಕಾಣುತ್ತದೆ. ‘ಕೊಳ್’ ಎಂದರೆ ಹಿಡಿ, ತೆಗೆದುಕೊ. ಅದರಿಂದ ಹುಟ್ಟಿದ ‘ಕೋಳ್’ ಎಂದರೆ ಹಿಡಿತ, ಸೂರೆ. ವೀರಗಲ್ಲುಗಳ ವಿಷಯ ಓದಿದವರಿಗೆ ದನ ಹಿಡಿದೊಯ್ಯುವ ‘ತುರುಗೋಳ್’ ಗೊತ್ತಿರುತ್ತದೆ. ಕೋಳವೂ ಆ ಬಳಗದ್ದೇ ಇರಬೇಕು.

ಸಿರುಗುಪ್ಪದ ಗಡಿಯಲ್ಲಿ

ಬಳ್ಳಾರಿಯಿಂದ ಉತ್ತರಕ್ಕೆ, ತುಂಗಭದ್ರೆಯ ದಂಡೆಯ ಸಿರುಗುಪ್ಪಕ್ಕೆ ಹೋದರೆ ಈ ಶಬ್ದದ ಮತ್ತೊಂದು ಮುಖ ಕಾಣುತ್ತದೆ. ಅಲ್ಲಿಂದ ಆದೋನಿಯ ದಾರಿ ಹಿಡಿದರೆ ಆಂಧ್ರಪ್ರದೇಶ. 1953ರ ಅಕ್ಟೋಬರ್ 1ರವರೆಗೆ ಇದೆಲ್ಲ ಮದರಾಸು ಪ್ರಾಂತದ ಒಂದೇ ಬಳ್ಳಾರಿ ಜಿಲ್ಲೆ. ಅಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪಗಳು ಮೈಸೂರು ರಾಜ್ಯಕ್ಕೆ ಬಂದವು. ನೆಲಕ್ಕೆ ಗಡಿ ಬಿದ್ದರೂ ಮಾತಿಗೆ ಗಡಿ ಬೀಳಲಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಕನ್ನಡಿಗರ ‘ಸಂಕೋಲೆ’ ತೆಲುಗರಿಗೆ ‘ಸಂಕೆಲ’. ಇನ್ನೂ ಮುಂದೆ ಹೋದರೆ ತಮಿಳಿನಲ್ಲಿ ‘ಸಂಗಿಲಿ’, ಮಲಯಾಳದಲ್ಲಿ ‘ಚಙ್ಙಲ’. ಉತ್ತರದವರ ‘ಸಾಂಕಲ್’ ಕೂಡ ಇದೇ. ಇಷ್ಟು ಭಾಷೆಗಳನ್ನು ಒಟ್ಟಿಗೆ ಬಿಗಿದ ಸರಪಳಿ ಬೇರೊಂದು ಇರಲಾರದು!

‘ಸೆರೆ’ ಎಂಬ ಶಬ್ದದ ಕಥೆ ಇನ್ನೂ ಸೊಗಸು. (ಸೆರೆ ಕುಡಿದವನು ಸೆರೆಮನೆ ಸೇರುವುದುಂಟಾದರೂ ಇವೆರಡೂ ಬೇರೆ ಬೇರೆ ಶಬ್ದಗಳು.) ಕನ್ನಡದ ಸೆರೆ ತೆಲುಗಿನಲ್ಲಿ ‘ಚೆರ’, ಸೆರೆಮನೆ ‘ಚೆರಸಾಲ’. ತಮಿಳಿನಲ್ಲಿ ‘ಸಿರೈ’ ಎಂದರೆ ಬಂಧನ. ಮಲಯಾಳದಲ್ಲಿ ಮಾತ್ರ ‘ಚಿರ’ ಎಂದರೆ ನೀರಿಗೆ ಕಟ್ಟಿದ ಒಡ್ಡು, ಕೆರೆ. ಹರಿಯುವುದನ್ನು ತಡೆದು ನಿಲ್ಲಿಸುವುದೇ ಇವೆಲ್ಲವುಗಳ ಒಳಗಿರುವ ಅರ್ಥ. ಸಿರುಗುಪ್ಪದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರೆಯನ್ನು ಕಟ್ಟಿ ನಿಲ್ಲಿಸಿದ್ದರಿಂದಲೇ ಕಾಲುವೆಯಲ್ಲಿ ನೀರು, ಗದ್ದೆಯಲ್ಲಿ ಭತ್ತ. ಆದರೆ ನೀರನ್ನು ಕಟ್ಟುವವರು ಅದನ್ನು ಬಿಡುವ ತೂಬನ್ನೂ ಇಡುತ್ತಾರೆ. ತೂಬಿಲ್ಲದ ಒಡ್ಡು ಯಾರಿಗೂ ಉಪಯೋಗವಿಲ್ಲ. ಮನುಷ್ಯನನ್ನು ಕಟ್ಟುವಾಗಲೂ ಈ ಮಾತು ನೆನಪಿನಲ್ಲಿರಬೇಕು.

ಕುರುಗೋಡಿನ ಕಲ್ಲು, ತೊಟ್ಟಿಲ ಬೆಳ್ಳಿ

ಇನ್ನು ಕುರುಗೋಡು. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರು ಆಳಿದ ಊರು. ದೊಡ್ಡಬಸವೇಶ್ವರನ ಬೃಹತ್ ನಂದಿಯನ್ನು ನೋಡಲು ಹೋದ ಮಕ್ಕಳು ಅಲ್ಲಿನ ಹಳೆಯ ಗುಡಿಗಳತ್ತಲೂ ಕಣ್ಣು ಹಾಯಿಸಬೇಕು. ಚಾಲುಕ್ಯರ ಕಾಲದ ಶಿಲ್ಪಗಳಲ್ಲಿ ದ್ವಾರಪಾಲಕನಿಗೂ ಕಾಲಿಗೆ ಬಳೆ, ಸೊಂಟಕ್ಕೆ ಸರಪಳಿ. ಕಾವಲುಗಾರನೇ ಸರಪಳಿ ತೊಟ್ಟು ನಿಂತದ್ದೇಕೆ?

ಉತ್ತರ ‘ಅಮರಕೋಶ’ದಲ್ಲಿದೆ. ಆ ಹಳೆಯ ನಿಘಂಟಿನಲ್ಲಿ ‘ಶೃಂಖಲ’ ಎರಡು ಕಡೆ ಬರುತ್ತದೆ. ಒಂದು ಕಡೆ ಅದು ಆನೆಯ ಕಾಲಿನ ಸರಪಳಿ. ಇನ್ನೊಂದು ಕಡೆ ಗಂಡಸರ ಸೊಂಟದ ಆಭರಣ! ಹೆಂಗಸರಿಗೆ ಮೇಖಲೆ, ಕಾಂಚಿ, ಗಂಡಸರಿಗೆ ಶೃಂಖಲ. ಈಗಲೂ ನಮ್ಮ ಸೀಮೆಯಲ್ಲಿ ಮಗು ಹುಟ್ಟಿದರೆ ಸೊಂಟಕ್ಕೆ ಬೆಳ್ಳಿಯ ಉಡುದಾರ ಕಟ್ಟುತ್ತಾರೆ. ಅಮರಸಿಂಹ ಕಂಡಿದ್ದರೆ ಅದನ್ನು ಶೃಂಖಲವೆಂದೇ ಕರೆಯುತ್ತಿದ್ದನೇನೋ.

ಆನೆಯ ಸರಪಳಿಗೆ ಅಮರಕೋಶ ಕೊಡುವ ಇನ್ನೊಂದು ಹೆಸರು ‘ಅಂದುಕ’. ಕನ್ನಡದ ‘ಅಂದುಗೆ’ ಇದರದೇ ರೂಪ. ಆನೆಯ ಕಾಲಲ್ಲಿದ್ದಾಗ ಬಂಧನ, ಅದೇ ಮಗುವಿನ ಕಾಲಲ್ಲಿದ್ದಾಗ ಚೆಲುವು. ಹಿಂದಿಯ ‘ಹಥ್‌ಕಡಿ’ ಕೈಯ ಬೇಡಿಯಾದರೆ, ‘ಕಡಾ’ ಕೈಯ ಕಡಗ. ಲೋಹದ ಬಳೆ ಎರಡಕ್ಕೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ತೊಟ್ಟವನು ತಾನಾಗಿ ತೆಗೆಯಬಲ್ಲನಾದರೆ ಅದು ಒಡವೆ. ಕೀಲಿಕೈ ಮತ್ತೊಬ್ಬನ ಕೈಯಲ್ಲಿದ್ದರೆ ಅದು ಬೇಡಿ. ಬಂಧನವೆಂದರೇನು ಎಂಬುದಕ್ಕೆ ಇದಕ್ಕಿಂತ ಸರಳವಾದ ಪಾಠ ಬೇಕಿಲ್ಲ.

‘ಕೈದಿ’ಯಲ್ಲಿ ಕೈ ಇಲ್ಲ

ಕೈಗೆ ಬೇಡಿ ಬೀಳುವುದರಿಂದ ‘ಕೈದಿ’ ಎಂಬ ಹೆಸರು ಬಂತೆಂದು ಅನೇಕರ ನಂಬಿಕೆ. ಅದು ಹಾಗಲ್ಲ. ಈ ಶಬ್ದ ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ನಮ್ಮ ಕಚೇರಿಗಳಿಗೆ ಬಂದದ್ದು. ಅರಬ್ಬಿಯಲ್ಲಿ ‘ಕೈದ್’ ಎಂದರೆ ಕಟ್ಟು, ಬೇಡಿ; ಕುದುರೆ–ಒಂಟೆಗಳ ಕಾಲಿಗೆ ಬಿಗಿಯುವ ಕಟ್ಟಿಗೂ ಅದೇ ಹೆಸರು. ಕೈದಿ ಎಂದರೆ ಬೇಡಿಯಲ್ಲಿರುವವನು. ಇಂಗ್ಲಿಷಿನವರ ‘ಫೆಟರ್’ ಕಾಲಿಗೆ ಸಂಬಂಧಿಸಿದ್ದು. ಅವರ ‘ಫುಟ್’, ನಮ್ಮ ‘ಪಾದ’ಗಳ ದೂರದ ಬಂಧು. ‘ಜೈಲು’ ಲ್ಯಾಟಿನ್ನಿನ ಪಂಜರ ಎಂಬರ್ಥದ ಶಬ್ದದಿಂದ ಇಳಿದು ಬಂದದ್ದು. ಎಲ್ಲ ಭಾಷೆಗಳೂ ದನಕರು, ಆನೆ, ಹಕ್ಕಿಗಳಿಗೆ ಕಂಡುಹಿಡಿದ ಕಟ್ಟುಗಳ ಹೆಸರನ್ನೇ ಮನುಷ್ಯನ ಮೇಲೆ ಹೊರಿಸಿವೆ. ‘ಕೈದಿ’ಯಲ್ಲಂತೂ ಕಬ್ಬಿಣವೇ ಮನುಷ್ಯನ ಹೆಸರಾಗಿಬಿಟ್ಟಿದೆ.

ಆದರೆ ತಾಯಿಯ ಕಣ್ಣು ಕಬ್ಬಿಣವನ್ನು ನೋಡುವುದಿಲ್ಲ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕ ಡೇವಿಡ್ ಬೇರ್ಡ್ ಎಂಬ ಸ್ಕಾಟ್‌ಲೆಂಡಿನ ತರುಣ ಅಧಿಕಾರಿ 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಜೋಡಿಸಿ ಸರಪಳಿ ಹಾಕಿದ್ದಾರೆಂಬ ಸುದ್ದಿ ಊರು ಮುಟ್ಟಿದಾಗ ಅವನ ತಾಯಿ, ತನ್ನ ಮಗನ ಜೊತೆಗೆ ಕಟ್ಟಿಸಿಕೊಂಡ ಆ ಇನ್ನೊಬ್ಬನ ಪಾಡು ದೇವರಿಗೇ ಪ್ರೀತಿ ಎಂದು ಮರುಗಿದಳಂತೆ. ಮಗನ ಸಿಡುಕು ಆಕೆಗೆ ಗೊತ್ತಿತ್ತು! ಸಂಕೋಲೆಯೊಳಗೂ ಆಕೆ ಕಂಡದ್ದು ಕೈದಿಯನ್ನಲ್ಲ, ತನ್ನ ಹಟಮಾರಿ ಮಗನನ್ನು.

ಬಳ್ಳಾರಿಯ ಗೋಡೆಗಳು

ಮದರಾಸು ಪ್ರಾಂತದ ಸರ್ಕಾರಕ್ಕೆ ಬಳ್ಳಾರಿ ಎಂದರೆ ದೂರದ, ಸುಡುಬಿಸಿಲಿನ, ಬಂದೋಬಸ್ತಿನ ಜಾಗ. ಮೊದಲ ಮಹಾಯುದ್ಧದ ಕಾಲದಲ್ಲಿ ತುರ್ಕಿಯ ಯುದ್ಧಕೈದಿಗಳನ್ನು ಇಲ್ಲಿಟ್ಟಿದ್ದರು. 1938ರಲ್ಲಿ ಹಿಂದಿ ವಿರೋಧಿ ಚಳವಳಿಯಲ್ಲಿ ಬಂಧಿತರಾದ ಪೆರಿಯಾರ್ ರಾಮಸ್ವಾಮಿ ಬಳ್ಳಾರಿ ಜೈಲಿನಲ್ಲಿದ್ದರು. ಅವರು ಒಳಗಿರುವಾಗಲೇ ಜಸ್ಟಿಸ್ ಪಕ್ಷ ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಸ್ವಾತಂತ್ರ್ಯ ಹೋರಾಟಗಾರರ ನೆನಪುಗಳಲ್ಲಿ ಇಲ್ಲಿನ ಅಲ್ಲೀಪುರ ಜೈಲಿನ ಹೆಸರು ಮತ್ತೆ ಮತ್ತೆ ಬರುತ್ತದೆ.

1921ರ ಮಲಬಾರ್ ಬಂಡಾಯದ ನಂತರ ಮಾಪಿಳ್ಳೆ ಕೈದಿಗಳನ್ನೂ ಬಳ್ಳಾರಿಗೆ ಕಳುಹಿಸುತ್ತಿದ್ದರು. ಆ ವರ್ಷ ನವೆಂಬರಿನಲ್ಲಿ ತಿರೂರಿನಿಂದ ಹಾಗೆ ಹೊರಟ ರೈಲೊಂದರಲ್ಲಿ ಸುಮಾರು ನೂರು ಮಂದಿಯನ್ನು ಗಾಳಿಯಾಡದ ಒಂದು ಬೋಗಿಗೆ ತುಂಬಿ ಬಾಗಿಲು ಮುಚ್ಚಿದರು. ಕೊಯಮತ್ತೂರಿನ ಹತ್ತಿರ ಪೋದನೂರಿನಲ್ಲಿ ಬಾಗಿಲು ತೆರೆದಾಗ ಕಂಡದ್ದು ಹೆಣಗಳ ರಾಶಿ. ಉಸಿರುಗಟ್ಟಿ ಸತ್ತವರ ಸಂಖ್ಯೆ ಎಪ್ಪತ್ತರ ಸಮೀಪ. ಕೈಕಾಲು ಕಟ್ಟುವುದೊಂದೇ ಸಂಕೋಲೆಯಲ್ಲ. ಹೊರಗಿನಿಂದ ಚಿಲಕ ಹಾಕಿದ ಮೇಲೆ ಒಳಗಿರುವವರ ಜೀವ ಹಾಕಿದವರ ಹೊಣೆ ಎಂಬುದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಬೇಡಿ ಯಾರಿಗೆ, ಯಾವಾಗ?

ಬ್ರಿಟಿಷರ 1894ರ ಕಾರಾಗೃಹ ಕಾಯಿದೆ ಜೈಲಿನೊಳಗೆ ತಪ್ಪು ಮಾಡಿದವರಿಗೆ ಕೈಕೋಳ, ಕಾಲುಬೇಡಿಗಳನ್ನು ಶಿಕ್ಷೆಯಾಗಿ ವಿಧಿಸಲು ಅವಕಾಶ ಕೊಟ್ಟಿತ್ತು. 1947ರಲ್ಲಿ ದೇಶದ ಸಂಕೋಲೆ ಕಳಚಿದರೂ ಈ ಕಬ್ಬಿಣ ಜೈಲುಗಳಲ್ಲಿ ಉಳಿಯಿತು. ಎರಡೂ ಕಾಲಿಗೆ ಬಳೆ, ಬಳೆಯಿಂದ ಸೊಂಟದವರೆಗೆ ಕಬ್ಬಿಣದ ಸಲಾಕೆ; ಹಗಲೂ ರಾತ್ರಿ ಅದನ್ನು ಹೊತ್ತೇ ನಡೆಯಬೇಕು, ಹೊತ್ತೇ ಮಲಗಬೇಕು. ದೆಹಲಿಯ ತಿಹಾರ್ ಜೈಲಿನಲ್ಲಿ ಇಂಥ ಬೇಡಿ ಹಾಕಿದ್ದು 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಜೈಲಿಗೆ ಹೋದ ಮಾತ್ರಕ್ಕೆ ಮನುಷ್ಯ ತನ್ನ ಮೂಲಭೂತ ಹಕ್ಕುಗಳನ್ನು ಕಳೆದುಕೊಳ್ಳುವುದಿಲ್ಲ. ಕಾರಣ ಬರೆದಿಡದೆ, ಅವನ ಮಾತು ಕೇಳದೆ ದಿನಗಟ್ಟಲೆ ಬೇಡಿ ಹಾಕುವಂತಿಲ್ಲ ಎಂದು ಕೋರ್ಟು ಹೇಳಿತು.

ಅದೇ ಜೈಲಿನ ವಿಚಾರಣಾಧೀನ ಕೈದಿಯೊಬ್ಬ ಸುಪ್ರೀಂ ಕೋರ್ಟಿಗೆ ಒಂದು ತಂತಿ ಕಳುಹಿಸಿದ. ಕೋರ್ಟಿಗೆ ಕರೆದೊಯ್ಯುವಾಗ ಬೇಡಿ ಹಾಕುತ್ತಾರೆಂಬುದು ಅವನ ದೂರು. ಪರಿಶೀಲಿಸಿದರೆ, ನಿಯಮಗಳಲ್ಲಿಯೇ ಉಳ್ಳವರ ‘ಮೇಲ್ದರ್ಜೆ’ಗೆ ಒಂದು ರೀತಿ, ಸಾಮಾನ್ಯರಿಗೆ ಇನ್ನೊಂದು ರೀತಿ! ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ 1980ರ ತೀರ್ಪು ಈ ಭೇದವನ್ನು ತಳ್ಳಿಹಾಕಿತು. ತಪ್ಪಿಸಿಕೊಂಡು ಹೋಗುವ ನಿಜವಾದ ಅಪಾಯವಿದ್ದು, ಬೇರೆ ದಾರಿಯೇ ಇಲ್ಲವೆಂದಾಗ ಮಾತ್ರ ಬೇಡಿ. ಅದಕ್ಕೂ ಕಾರಣವನ್ನು ಬರೆದಿಡಬೇಕು. 1995ರಲ್ಲಿ, ಗುವಾಹಟಿಯ ಆಸ್ಪತ್ರೆಯೊಂದರಲ್ಲಿ ಬಂಧಿತರನ್ನು ಮಂಚಕ್ಕೆ ಬಿಗಿದಿದ್ದನ್ನು ಪತ್ರಕರ್ತ ಕುಲದೀಪ್ ನಯ್ಯರ್ ಪತ್ರ ಬರೆದು ತಿಳಿಸಿದಾಗ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಜೈಲಿನಲ್ಲಾಗಲಿ ದಾರಿಯಲ್ಲಾಗಲಿ ಕೈದಿಗಳಿಗೆ ಬೇಡಿ ಹಾಕಬಾರದೆಂದು ಕೋರ್ಟು ಕಟ್ಟಪ್ಪಣೆ ಮಾಡಿತು.

ಇದು ದೂರದೂರಿನ ಸಂಗತಿ ಎಂದು ತಿಳಿಯಬೇಕಾಗಿಲ್ಲ. ನಮ್ಮ ರಾಜ್ಯದಲ್ಲೇ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಬೇಡಿ ತೊಡಿಸಿ ಜನರ ನಡುವೆ ಕರೆದೊಯ್ದ ಪ್ರಕರಣದಲ್ಲಿ, 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಅವನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬೇಡಿಯ ವಿಷಯವನ್ನು ಕಾಯಿದೆಯೊಳಗೇ ತಂದಿದೆ. ಅದರ 43ನೆಯ ಕಲಂ ಪ್ರಕಾರ ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಘೋರ ಅಪರಾಧಗಳ ಆರೋಪ ಹೊತ್ತವರಿಗೆ, ಪದೇ ಪದೇ ಅಪರಾಧ ಮಾಡುವವರಿಗೆ, ಹಿಂದೆ ತಪ್ಪಿಸಿಕೊಂಡು ಹೋದವರಿಗೆ, ಅಪರಾಧದ ಗಂಭೀರತೆ ನೋಡಿ ಪೊಲೀಸರು ಬೇಡಿ ಹಾಕಬಹುದು. ಹಾಕಲೇಬೇಕು ಎಂದಲ್ಲ. ಅಪಾಯಕಾರಿ ವ್ಯಕ್ತಿಯನ್ನು ಕರೆದೊಯ್ಯುವ ಪೇದೆಗೂ ಜೀವವಿದೆ, ಸಂಸಾರವಿದೆ. ಆ ಮಾತನ್ನೂ ಮರೆಯುವಂತಿಲ್ಲ. ಆದ್ದರಿಂದಲೇ ಕಾನೂನು ಇಲ್ಲಿ ತಕ್ಕಡಿ ಹಿಡಿದು ನಿಂತಿದೆ.

ಈಗ ಆ ತಂದೆಯ ಉತ್ತರಕ್ಕೆ ಮರಳಬಹುದು. ‘ಕಳ್ಳರ ಕೈಗೆ ಹಾಕ್ತಾರಲ್ಲ’ ಎಂದನಲ್ಲ, ಅಲ್ಲಿದೆ ತಪ್ಪು. ಕೋರ್ಟಿನ ಆವರಣದಲ್ಲಿ ಬೇಡಿ ತೊಟ್ಟು ಕಂಡವನು ಹೆಚ್ಚಿನ ವೇಳೆ ವಿಚಾರಣೆಗೆ ಬಂದವನು. ಕಳ್ಳನೋ ಅಲ್ಲವೋ ಎಂಬುದನ್ನು ನ್ಯಾಯಾಧೀಶರು ಇನ್ನೂ ಹೇಳಬೇಕು. ಅದಕ್ಕೂ ಮೊದಲೇ ಬೇಡಿ ನೋಡಿ ತೀರ್ಪು ಕೊಡುವವರು ಬೀದಿಯಲ್ಲಿ ನಿಂತ ನಾವು.

ಮುಂದಿನ ಸಲ ಮಗು ಕೇಳಿದರೆ ಉತ್ತರ ಸ್ವಲ್ಪ ಬದಲಾಗಲಿ: ‘ತಪ್ಪಿಸ್ಕೊಂಡು ಹೋಗಬಾರದು ಅಂತ ಕೆಲವರ ಕೈಗೆ ಹಾಕ್ತಾರಪ್ಪ. ಹಾಕಿದ ಮಾತ್ರಕ್ಕೆ ಅವನು ಕಳ್ಳ ಅಲ್ಲ.’